ಆ ಕುಳ ವಾಪಸ್ ಕೊಡಿ ಮೇಷ್ಟ್ರೇ

ನಾನು ಕಲಿಸಿದ ಹುಡುಗರನ್ನು ಕ್ಯೂಬಿಸಂ ಎಂದರೇನು ಅಂತ ಕೇಳಿ ನೋಡಬೇಕಿತ್ತು. ಪಿಕಾಸೊ 1881ರಲ್ಲಿ ಸ್ಪೇನ್ ದೇಶದಲ್ಲಿ ಹುಟ್ಟಿದ, ಬ್ರಾಕ್ ಅವನ ಜೊತೆಗಾರ, ಒಂದೇ ವಸ್ತುವನ್ನು ಹಲವು ಕಡೆಯಿಂದ ಒಟ್ಟಿಗೆ ತೋರಿಸುವುದೇ ಕ್ಯೂಬಿಸಂ. ಮಗ್ಗಿ ಒಪ್ಪಿಸಿದ ಹಾಗೆ, ಎಲ್ಲೂ ತಡವರಿಸದೆ. ಶಾಲೆಯ ವಸ್ತುಪ್ರದರ್ಶನಕ್ಕೆ ಬಂದಿದ್ದ ನಿವೃತ್ತ ಮೇಷ್ಟ್ರೊಬ್ಬರು ಮೇಜಿನ ಮೇಲಿದ್ದ ಥರ್ಮಾಕೋಲಿನ ತಲೆಯೊಂದನ್ನು ತೋರಿಸಿ, “ಹಲವು ಕಡೆ ಅಂದ್ಯಲ್ಲಪ್ಪ, ಎಲ್ಲೈತೆ ಇದ್ರಲ್ಲಿ?” ಎಂದರು. ಹುಡುಗ ಯೋಚಿಸಿದ. ತಲೆಯನ್ನು ಎತ್ತಿಕೊಂಡು ನಿಧಾನಕ್ಕೆ ಒಂದು ಸುತ್ತು ತಿರುಗಿಸಿದ. “ನೋಡಿ ಸಾ, ಹಿಂಗ್ ತಿರುಗಿಸಿದ್ರೆ ಎಲ್ಲಾ ಕಡೆಯಿಂದ್ಲೂ ಕಾಣ್ತೈತೆ.”

“ಹಂಗಾದ್ರೆ ಗುಡಿ ಮುಂದಿನ ಬಸವಣ್ಣನೂ ಕ್ಯೂಬಿಸಮ್ಮೇ ಬಿಡು” ಅಂದು ಅವರು ಪಕ್ಕದ ಮೇಜಿಗೆ ಹೋದರು.

ಸುತ್ತ ನಿಂತವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ. ಅವರ ಪ್ರಶ್ನೆಗೆ ನನ್ನ ಹತ್ತಿರವೂ ಉತ್ತರವಿರಲಿಲ್ಲ. ಚಿತ್ರ ಚಪ್ಪಟೆ, ಅದರಲ್ಲಿ ನಾಲ್ಕು ಮಗ್ಗುಲು ತೋರಿಸುವುದು ಸಾಹಸವೇ ಸರಿ. ಶಿಲ್ಪಕ್ಕಾದರೆ ಮಗ್ಗುಲುಗಳು ಹುಟ್ಟಿನಿಂದಲೇ ಇವೆ. ಹಾಗಿದ್ದ ಮೇಲೆ ಶಿಲ್ಪದಲ್ಲಿ ಕ್ಯೂಬಿಸಂ ಹೊಸದಾಗಿ ಮಾಡಿದ್ದೇನು? ಕಲಾಶಾಲೆಯಲ್ಲಿದ್ದಾಗ ಈ ಪ್ರಶ್ನೆ ನನಗೆ ಹೊಳೆದಿರಲೇ ಇಲ್ಲ. ನೋಟ್ಸಿನಲ್ಲಿದ್ದದ್ದನ್ನು ಬರೆದು ಪಾಸಾಗಿ ಬಂದಿದ್ದೆ, ಅದನ್ನೇ ಮಕ್ಕಳ ಬಾಯಿಗೂ ತುಂಬಿದ್ದೆ.

ಉತ್ತರ ಸಿಕ್ಕಿದ್ದು ಆಮೇಲೆ. 1912ರಲ್ಲಿ ಪಿಕಾಸೊ ರಟ್ಟು, ದಾರ, ತಂತಿಗಳಿಂದ ಒಂದು ಗಿಟಾರ್ ಮಾಡಿದ. ಅಲ್ಲಿಯ ತನಕ ಯುರೋಪಿನಲ್ಲಿ ಶಿಲ್ಪ ಎಂದರೆ ಕಲ್ಲನ್ನೋ ಮರವನ್ನೋ ಕೆತ್ತಬೇಕು, ಇಲ್ಲವೇ ಮಣ್ಣು ಮೆತ್ತಿ ಎರಕ ಹೊಯ್ಯಬೇಕು. ಅವನು ಎರಡನ್ನೂ ಬಿಟ್ಟು ಕತ್ತರಿಸಿ ಜೋಡಿಸಿದ. ಒಳಗಿನ ಟೊಳ್ಳನ್ನು ಮುಚ್ಚದೆ ಹಾಗೇ ಬಿಟ್ಟ. ಗಿಟಾರಿನ ತೂತು ಒಳಕ್ಕೆ ಹೋಗುವ ಬದಲು ಕೊಳವೆಯಾಗಿ ಹೊರಕ್ಕೆ ಚಾಚಿತು. ಪಶ್ಚಿಮ ಆಫ್ರಿಕಾದ ಗ್ರೆಬೊ ಜನರ ಮುಖವಾಡಗಳಲ್ಲಿ ಕಣ್ಣುಗಳು ಹೀಗೆಯೇ ಕೊಳವೆಗಳಾಗಿ ಮುಂದೆ ಬಂದಿರುತ್ತವೆ. ಅಂಥ ಮುಖವಾಡ ಅವನ ಕೋಣೆಯಲ್ಲಿತ್ತು. ಇಷ್ಟು ಗೊತ್ತಿದ್ದಿದ್ದರೆ ಥರ್ಮಾಕೋಲಿನ ಉಂಡೆಯನ್ನು ಬ್ಲೇಡಿನಲ್ಲಿ ಮೂಲೆ ಮೂಲೆಯಾಗಿ ಹೆರೆಸಿ, ಕೆಳಗೆ ಚೀಟಿ ಅಂಟಿಸಿ ಕೂರುತ್ತಿರಲಿಲ್ಲ. ಕಿರಾಣಿ ಅಂಗಡಿಯ ಒಂದು ರಟ್ಟಿನ ಡಬ್ಬ, ಒಂದು ಕತ್ತರಿ ಸಾಕಿತ್ತು.

ನಾನು ಚಳ್ಳಕೆರೆ ಪೇಟೆಯವನು. ಅಪ್ಪ ಎಣ್ಣೆ ಗಿರಣಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದರು. ಶೇಂಗಾ ಚೀಲ, ಹಿಂಡಿ, ಎಣ್ಣೆ ಡಬ್ಬಿಗಳ ನಡುವೆ ಬೆಳೆದರೂ ಶೇಂಗಾ ಬೆಳೆಯುವವರ ಮನೆಯೊಳಗೆ ಏನೇನಿರುತ್ತದೆ ಎಂದು ನೋಡಿದವನಲ್ಲ. ದಾವಣಗೆರೆಯಲ್ಲಿ ಕಲೆ ಓದಿ ತಳುಕು ಹೋಬಳಿಯ ಒಂದು ಶಾಲೆಗೆ ಡ್ರಾಯಿಂಗ್ ಮೇಷ್ಟ್ರಾಗಿ ಬಂದೆ. ರಾಜ್ಯದಲ್ಲೇ ಮಳೆ ಕಡಿಮೆ ಬೀಳುವ ಸೀಮೆ ಇದು. ಮಕ್ಕಳು ಬರುವುದು ನಾಯಕರ ಹಟ್ಟಿಗಳಿಂದ, ಗೊಲ್ಲರಹಟ್ಟಿಗಳಿಂದ, ತಾಂಡಾದಿಂದ. ಎಷ್ಟೋ ಮಕ್ಕಳ ಮನೆಮಾತು ತೆಲುಗು. ಇವರಿಗೆ ಲೋವರ್ ಗ್ರೇಡ್ ಪರೀಕ್ಷೆಯ ಹೂಜಿ, ಬಾಳೆಹಣ್ಣು ಬಿಡಿಸುವುದನ್ನಷ್ಟೇ ಕಲಿಸಿದರೆ ನನ್ನ ಓದು ವ್ಯರ್ಥ ಅನ್ನಿಸಿತು. ರಿಯಲಿಸಂನಿಂದ ಸರ್ರಿಯಲಿಸಂ ತನಕ ಒಂದು ಚಾರ್ಟ್ ಬರೆದು ಗೋಡೆಗೆ ಹಾಕಿದೆ. ಪ್ರತಿ ಪಂಥಕ್ಕೂ ಒಂದು ಶಿಲ್ಪ. ಮಕ್ಕಳು ಕೈಯಾರೆ ಮಾಡಬೇಕು, ಮಾಡುತ್ತಾ ಇತಿಹಾಸ ತಿಳಿಯಬೇಕು. ಕೇಳಲಿಕ್ಕೆ ಚೆನ್ನಾಗಿತ್ತು. ಹೆಡ್‌ಮಾಸ್ತರರೂ ಚೆನ್ನಾಗಿದೆ ಎಂದರು.

ಪ್ಲಾಸ್ಟರ್ ಆಫ್ ಪ್ಯಾರಿಸ್ ತರಿಸಿದ್ದರ ಕಥೆ ಬೆಳೆಸುವುದು ಬೇಡ. ನೀರಿಗೆ ಬಿದ್ದ ಪ್ಲಾಸ್ಟರು ಬಿಸಿಯೇರುತ್ತದೆ, ನಿಮಿಷಗಳಲ್ಲಿ ಗಟ್ಟಿಯಾಗುತ್ತದೆ ಎನ್ನುವುದನ್ನು ಮೊದಲೇ ಹೇಳದೆ ಮಕ್ಕಳ ಕೈಗೆ ಕೊಟ್ಟೆ, ಬಕೆಟ್ಟಿನಲ್ಲೇ ಕಲ್ಲಾಯಿತು. ಹೊಲದ ಎರೆಮಣ್ಣು ತಂದು ಮೆತ್ತಿಸಿದೆ, ಒಣಗುತ್ತಾ ಬಿರಿಯಿತು. ಎರೆ ನೀರು ಕುಡಿದು ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ, ಬೇಸಿಗೆಯಲ್ಲಿ ಹೊಲವೇ ಬಾಯಿ ಬಿಡುತ್ತದೆ. ಕುಂಬಾರರು ಅದಕ್ಕೇ ಕೆರೆಯ ಗೋಡು ಹುಡುಕಿ ತಂದು ಮರಳೋ ಬೂದಿಯೋ ಬೆರೆಸುತ್ತಾರೆ. ಇದು ನನ್ನ ಎದುರು ಕೂತಿದ್ದ ಅರ್ಧ ಮಕ್ಕಳಿಗೆ ಗೊತ್ತಿತ್ತು. ಮೇಷ್ಟ್ರು ಕೇಳಲಿಲ್ಲ, ಅವರು ಹೇಳಲಿಲ್ಲ. ಹಾಗಾಗಿಯೇ ಕೊನೆಗೆ ಥರ್ಮಾಕೋಲಿಗೆ ಬಂದದ್ದು, ವಸ್ತುಪ್ರದರ್ಶನದಲ್ಲಿ ಬಸವಣ್ಣನ ಮುಂದೆ ಸೋತದ್ದು.

ಮರುವರ್ಷ ಜಾಣನಾದೆ ಅಂದುಕೊಂಡೆ. ತಪ್ಪಿದ್ದದ್ದು ಸಾಮಗ್ರಿಯಲ್ಲಿ, ಪೇಟೆಯ ವಸ್ತು ಬಿಟ್ಟು ಊರಿನದನ್ನೇ ಬಳಸಿದರೆ ಎಲ್ಲ ಸರಿಹೋಗುತ್ತದೆ ಎಂದು ತೀರ್ಮಾನಿಸಿದೆ. ಈಗ ಹಿಂತಿರುಗಿ ನೋಡಿದರೆ ಮೊದಲ ವರ್ಷಕ್ಕಿಂತ ಇದೇ ದೊಡ್ಡ ತಪ್ಪು.

ದಾದಾ ಪಂಥದಿಂದ ಶುರು ಮಾಡಿದೆ. ಮಾರ್ಸೆಲ್ ದುಶಾಂಪ್ 1913ರಲ್ಲಿ ಸೈಕಲ್ಲಿನ ಚಕ್ರವನ್ನು ಸ್ಟೂಲಿನ ಮೇಲೆ ತಲೆಕೆಳಗಾಗಿ ನಿಲ್ಲಿಸಿದ್ದನ್ನು ಹೇಳಿದೆ. 1917ರಲ್ಲಿ ಅವನು ಪ್ರದರ್ಶನಕ್ಕೆ ಮೂತ್ರಾಲಯದ ಪಿಂಗಾಣಿ ಬೇಸಿನ್ ಕಳಿಸಿದ್ದನ್ನು ಹೇಳಲಿಲ್ಲ, ಹೇಳಿದ್ದರೆ ಪೀರಿಯಡ್ ಅಲ್ಲಿಗೇ ಮುಗಿಯುತ್ತಿತ್ತು. ಆಮೇಲೆ ಕೆಲಸ ಕೊಟ್ಟೆ: ನಾಳೆ ಬರುವಾಗ ಮನೆಯಲ್ಲಿ ಉಪಯೋಗಕ್ಕೆ ಬಾರದ ಒಂದು ಸಾಮಾನು ತನ್ನಿ. ಅದನ್ನೇ ಜೋಡಿಸಿ ಶಿಲ್ಪ ಮಾಡೋಣ.

ಮರುದಿನ ಬಹಳ ಮಕ್ಕಳು ಬರಿಗೈಯಲ್ಲಿ ಬಂದರು. ಮರೆತು ಬಂದಿದ್ದಾರೆ ಎಂದು ಗದರಿದೆ. ಮರೆತಿರಲಿಲ್ಲ. “ಅಂಥದ್ದು ಯಾವ್ದೂ ಇಲ್ಲ ಸಾ” ಎಂದರು. ಒಬ್ಬೊಬ್ಬರನ್ನೇ ಕೇಳುತ್ತಾ ಹೋದೆ. ಹರಿದ ಮೊರ? ಅದಕ್ಕೆ ಕಾಗದ ನೆನೆಸಿ ಮೆಂತ್ಯ ಅರೆದು ಸೇರಿಸಿ ಮೆತ್ತುತ್ತಾರೆ, ಮತ್ತೆ ಬರುತ್ತದೆ. ಒಡೆದ ಪ್ಲಾಸ್ಟಿಕ್ ಕೊಡ? ಸೈಕಲ್ಲಿನಲ್ಲಿ ಬರುವವನು ಅದಕ್ಕೆ ಬೆಳ್ಳುಳ್ಳಿ ಕೊಡುತ್ತಾನೆ. ಗೊಬ್ಬರದ ಖಾಲಿ ಚೀಲ? ನಾಲ್ಕು ಹೊಲಿದರೆ ಶೇಂಗಾ ಒಣಗಿಸುವ ಪಟ. ಹಳೇ ಟೈರು? ಸೀಳಿದರೆ ಕುರಿಗೆ ನೀರಿಡುವ ತೊಟ್ಟಿ. ಹರಿದ ಕಂಬಳಿಯ ಮಾತು ಎತ್ತಿದ್ದಕ್ಕೆ ಗೊಲ್ಲರ ಹುಡುಗನೊಬ್ಬ ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ. ಚಳ್ಳಕೆರೆ ಕಂಬಳಿ ಎಂದರೆ ಹುಣಸೆಬೀಜದ ಗಂಜಿ ಕುಡಿದು ಬಿಗಿದುಕೊಂಡದ್ದು; ಅದು ಹರಿದ ಮೇಲೂ ಹಾಸಿಗೆಯಾಗಿ, ಕುರಿಮರಿಗೆ ಹೊದಿಕೆಯಾಗಿ ವರ್ಷಗಟ್ಟಲೆ ದುಡಿಯುತ್ತದೆ.

ಒಬ್ಬ ಮಾತ್ರ ಕಬ್ಬಿಣದ ತುಂಡೊಂದನ್ನು ತಂದಿದ್ದ. ನೇಗಿಲ ಕುಳ. ಮೊನೆ ಸವೆದು ಮೊಂಡಾಗಿತ್ತು, ಒಂದು ಅಂಚು ನೆಲಕ್ಕೆ ಉಜ್ಜಿ ಉಜ್ಜಿ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು, ಇನ್ನೊಂದು ಕಡೆ ತುಕ್ಕು ಹಿಡಿದು ಕೆಂಪಾಗಿತ್ತು. ನೋಡಿದ ಕೂಡಲೇ ನನಗೆ ಖುಷಿಯಾಗಿ ಹೋಯಿತು. ಮರದ ಹಲಗೆಯ ಮೇಲೆ ಮೊನೆ ಮೇಲಕ್ಕೆ ಬರುವಂತೆ ನಿಲ್ಲಿಸಿ, ಬುಡಕ್ಕೆ ಎಂ-ಸೀಲ್ ಮೆತ್ತಿಸಿ, “ಹಕ್ಕಿ” ಎಂದು ಚೀಟಿ ಬರೆಸಿದೆ. ನಿಜವಾಗಿಯೂ ಚೆನ್ನಾಗಿತ್ತು, ಈಗಲೂ ಹಾಗೇ ಅನ್ನುತ್ತೇನೆ. ರೊಮೇನಿಯಾದ ಬ್ರಾಂಕೂಸಿ ಹಕ್ಕಿಯ ರೆಕ್ಕೆ ಪುಕ್ಕ ಎಲ್ಲ ಬಿಟ್ಟು ಅದರ ಹಾರಾಟವನ್ನಷ್ಟೇ ಹೊಳೆಯುವ ಕಂಚಿನಲ್ಲಿ ಹಿಡಿದದ್ದನ್ನು ಹುಡುಗರಿಗೆ ಹೇಳಿದೆ. ಅದನ್ನು ಶಿಲ್ಪವೆಂದು ಒಪ್ಪದೆ ಅಮೆರಿಕದ ಸುಂಕದವರು ತೆರಿಗೆ ಹಾಕಿದ್ದು, ಕೋರ್ಟಿಗೆ ಹೋಗಿ 1928ರಲ್ಲಿ ಬ್ರಾಂಕೂಸಿ ಗೆದ್ದದ್ದು, ಎಲ್ಲ.

ಎರಡು ದಿನಕ್ಕೆ ಹುಡುಗನ ಅಪ್ಪ ಬಂದರು. ಮಳೆ ಬಿದ್ದಿತ್ತು. ಬಾಗಿಲಲ್ಲೇ ನಿಂತು, “ಆ ಕುಳ ವಾಪಸ್ ಕೊಡಿ ಮೇಷ್ಟ್ರೇ. ಸವೆದೈತೆ ನಿಜ. ಕುಲುಮೆಗೆ ಕೊಟ್ಟು ಬಡಿಸಿದ್ರೆ ಇನ್ನೆರಡು ವರ್ಷ ಬತ್ತೈತೆ. ಹುಡ್ಗ ತಿಳೀದೆ ತಂದವ್ನೆ” ಎಂದರು. ಬಹಳ ಮರ್ಯಾದೆಯಿಂದಲೇ ಹೇಳಿದರು. ಎಂ-ಸೀಲ್ ಕಲ್ಲಾಗಿತ್ತು. ನಾನು ಸ್ಕ್ರೂಡ್ರೈವರ್ ಹುಡುಕುತ್ತಿರುವಾಗ ಅವರೇ ಅಂಗಳದಿಂದ ಒಂದು ಕಲ್ಲು ತಂದು ಎರಡು ಏಟು ಹಾಕಿ ಬಿಡಿಸಿದರು. ಹಲಗೆ ಸೀಳಿತು. ಚೀಟಿಯನ್ನು ಎತ್ತಿ ಮೇಜಿನ ಮೇಲಿಟ್ಟು ಹೊರಟರು.

ದುಶಾಂಪನ ತಮಾಷೆ ನಡೆಯಬೇಕಾದರೆ ವಸ್ತುವೊಂದು ಕೆಲಸದಿಂದ ಬಿಡುವು ಪಡೆಯಬೇಕು. ಪ್ಯಾರಿಸ್, ನ್ಯೂಯಾರ್ಕುಗಳಲ್ಲಿ ಕಾರ್ಖಾನೆಯ ಸರಕು ಅಂಗಡಿ ತುಂಬಿ ಬೀದಿಗೆ ಚೆಲ್ಲುತ್ತಿದ್ದ ಕಾಲದಲ್ಲಿ, ಅಂಗಡಿಯಲ್ಲಿ ಕೊಂಡದ್ದನ್ನು ಹಾಗೆಯೇ ಪೀಠದ ಮೇಲಿಟ್ಟು ಇದೂ ಕಲೆ ಎಂದರೆ ಕಲೆಯ ಬಗ್ಗೆ ಒಂದು ಪ್ರಶ್ನೆ ಏಳುತ್ತಿತ್ತು. ಯಾವ ಸಾಮಾನಿಗೂ ಬಿಡುವೇ ಇಲ್ಲದ ಮನೆಗೆ ಹೋಗಿ ಅದೇ ಆಟ ಆಡಿದರೆ ಏಳುವ ಪ್ರಶ್ನೆ ಬೇರೆ: ಬಿತ್ತನೆ ಮಾಡುವುದು ಹೇಗೆ?

ಇಷ್ಟಕ್ಕೆ ಬುದ್ಧಿ ಬರಬೇಕಿತ್ತು. ಬರಲಿಲ್ಲ. ಶೀಲಾ ಗೌಡರ ಕೆಲಸ ನನಗೆ ಬಹಳ ಇಷ್ಟ. ಭದ್ರಾವತಿಯಲ್ಲಿ ಹುಟ್ಟಿ, ಶಾಂತಿನಿಕೇತನ, ಲಂಡನ್ ಎಲ್ಲ ಓದಿ ಬಂದ ಅವರು 1990ರ ದಶಕದ ಮೊದಲ ವರ್ಷಗಳಲ್ಲಿ ಬಣ್ಣ, ಕ್ಯಾನ್ವಾಸ್ ಬದಿಗಿಟ್ಟು ಸಗಣಿಯಲ್ಲಿ ಕೆಲಸ ಮಾಡಲು ಶುರು ಮಾಡಿದರು. ದೇಶದಲ್ಲಿ ಕೋಮು ಗಲಭೆಗಳು ಎದ್ದಿದ್ದ ಹೊತ್ತು ಅದು. ಪೂಜೆಗೂ ಸಲ್ಲುವ, ಒಲೆಗೂ ಸಲ್ಲುವ, ಹೆಣ್ಣುಮಕ್ಕಳ ಕೈಯಲ್ಲೇ ಓಡಾಡುವ ಆ ವಸ್ತು ಅವರಿಗೆ ಬಣ್ಣ ಹೇಳಲಾರದ್ದನ್ನು ಹೇಳಿತು. ಇದಕ್ಕಿಂತ ಹತ್ತಿರದ ಪಾಠ ಇನ್ನೆಲ್ಲಿ ಎಂದು ಒಂದು ಬುಟ್ಟಿ ಸಗಣಿ ತರಿಸಿದೆ. ಗಂಡುಹುಡುಗರು ಕೇಕೆ ಹಾಕುತ್ತಾ ಕೈ ಇಟ್ಟರು. ಹೆಣ್ಣುಮಕ್ಕಳು ಹಿಂದೆ ಸರಿದು ನಿಂತರು. ನಾನು ಅಸಹ್ಯವಿರಬೇಕು ಎಂದುಕೊಂಡು ಶ್ರಮದ ಘನತೆ ಕುರಿತು ಚಿಕ್ಕ ಭಾಷಣ ಮಾಡಿದೆ. ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ತಾಳಲಾರದೆ, “ಬೆಳಿಗ್ಗೆ ಬೆರಣಿ ತಟ್ಟೇ ಬಂದೀನಿ ಸಾ. ಇಲ್ಲೂ ಅದೇನಾ?” ಎಂದಳು.

ಅವಳು ಐದು ಗಂಟೆಗೆದ್ದು ಕೊಟ್ಟಿಗೆ ಬಾಚಿ, ಬೆರಣಿ ತಟ್ಟಿ, ಕೈ ತಿಕ್ಕಿ ತೊಳೆದು, ಸಮವಸ್ತ್ರ ಹಾಕಿ, ಆ ವಾಸನೆಯಿಂದ ಬಿಡಿಸಿಕೊಳ್ಳಲೆಂದೇ ಶಾಲೆಗೆ ಬರುತ್ತಿದ್ದಳು. ಸಗಣಿ ತಟ್ಟದೆ ಬೆಳೆದವನು ಅದರಲ್ಲಿ ಕಲೆ ಕಾಣುವುದು ಸುಲಭ.

ಮೂರನೆಯ ತಪ್ಪು ಎತ್ತಿನದು. ಮಣ್ಣೆತ್ತಿನ ಅಮಾವಾಸ್ಯೆ ನಮ್ಮ ಕಡೆ ಧಾರವಾಡ, ವಿಜಯಪುರದ ಕಡೆಯಷ್ಟು ಜೋರಲ್ಲದಿದ್ದರೂ ಮನೆಗಳಲ್ಲಿ ಎತ್ತು ಮಾಡಿ ಪೂಜಿಸುತ್ತಾರೆ. ಅಲ್ಲದೆ ಇದು ಮ್ಯಾಸಬೇಡರ ದೇವರ ಎತ್ತುಗಳ ಸೀಮೆ. ನೊಗಕ್ಕೆ ಹೂಡದೆ, ಕಿಲಾರಿಗಳು ಮಕ್ಕಳಿಗಿಂತ ಹೆಚ್ಚಾಗಿ ಸಾಕುವ ಮಂದೆಗಳು ಇಲ್ಲಿವೆ. ಹಬ್ಬದ ಮಾರನೆಯ ದಿನ ಹುಡುಗಿಯೊಬ್ಬಳು ತಂದ ಎತ್ತು ಅಂಗೈಯಗಲ ಇತ್ತು. ಕಾಲುಗಳು ನಾಲ್ಕು ಮೊಟಕು ಗೂಟ, ಹೆಬ್ಬೆರಳು ತೋರುಬೆರಳು ಸೇರಿಸಿ ಒಮ್ಮೆ ಚಿವುಟಿ ಎಳೆದರೆ ಹಿಣಿಲು, ಇನ್ನೆರಡು ಸಲ ಎಳೆದರೆ ಕೊಂಬು, ಕಣ್ಣಿಗೆ ಜೋಳದ ಕಾಳು. ಬಾಯಿಲ್ಲ, ಗೊರಸಿಲ್ಲ. ಅವಳ ಬೆರಳಿನ ಗೆರೆ ಹಿಣಿಲಿನ ಮೇಲೆ ಹಾಗೇ ಉಳಿದಿತ್ತು. ಪಿಕಾಸೊ 1945ರ ಕೊನೆಯಲ್ಲಿ ಶುರು ಮಾಡಿ ಒಂದೇ ಗೂಳಿಯನ್ನು ಕಲ್ಲಚ್ಚಿನಲ್ಲಿ ಹನ್ನೊಂದು ಹಂತಗಳಲ್ಲಿ ಬಿಡಿಸಿದ್ದಾನೆ. ಮಾಂಸಖಂಡ, ತೂಕ ಎಲ್ಲ ಕಳೆಯುತ್ತಾ ಕಳೆಯುತ್ತಾ ಕೊನೆಗೆ ಕೆಲವೇ ಗೆರೆಗಳು. ಆ ಕೊನೆಯ ಗೂಳಿಯ ಜೆರಾಕ್ಸ್ ತಂದು ಪಕ್ಕದಲ್ಲಿ ಅಂಟಿಸಿ, ಎತ್ತಿಗೆ ವಾರ್ನಿಷ್ ಬಳಿದು ಕಪಾಟಿನಲ್ಲಿಟ್ಟೆ. ಪಿಕಾಸೊ ಹನ್ನೊಂದು ಸಲ ಮಾಡಿ ತಲುಪಿದ ಜಾಗಕ್ಕೆ ನೀವು ಒಂದೇ ಸಲಕ್ಕೆ ತಲುಪಿದ್ದೀರಿ ಎಂದೆ. ಮಕ್ಕಳು ಉಬ್ಬಿ ಹೋಗುತ್ತಾರೆ ಎಂದುಕೊಂಡಿದ್ದೆ.

“ಹಂಗಾದ್ರೆ ಅವ್ರ ಊರಲ್ಲೂ ಮಣ್ಣೆತ್ತಿನಮಾಸೆ ಐತಾ ಸಾ?” ಎಂದ ಒಬ್ಬ. ಎತ್ತಿನ ಹುಡುಗಿಗೆ ಬೇರೆ ಚಿಂತೆ. “ನೀರಿಗೆ ಬಿಡ್ಬೇಕಂತೆ ಸಾ, ಅಜ್ಜಿ ಬೈತೈತೆ” ಎಂದಳು. ವಾರ್ನಿಷ್ ಬಳಿದ ಎತ್ತು ನೀರಿನಲ್ಲಿ ಕರಗುವುದಿಲ್ಲ. ಅದನ್ನು ಅವಳಿಗೆ ಹೇಳಬೇಕಾಗಿ ಬಂದದ್ದು ನನಗೆ. ಪಿಕಾಸೊ ಎಲ್ಲವನ್ನೂ ಬಲ್ಲವನಾಗಿ ಒಂದೊಂದಾಗಿ ಬಿಟ್ಟ. ಈ ಹುಡುಗಿ ಏನನ್ನೂ ಬಿಟ್ಟಿರಲಿಲ್ಲ. ಪೂಜೆಗೆ ಎಷ್ಟು ಎತ್ತು ಬೇಕೋ ಅಷ್ಟು ಎತ್ತು ಮಾಡಿದ್ದಳು. ಎರಡರ ಆಕಾರ ಹೋಲುತ್ತದೆ ಎಂಬ ಒಂದೇ ಕಾರಣಕ್ಕೆ ಇದನ್ನು ಅದರ ಪಕ್ಕ ಕಟ್ಟಿಹಾಕಿದ್ದು ನನ್ನ ಹಮ್ಮು. ಹಳ್ಳಿಯ ಮಕ್ಕಳಿಗೆ ಗೌರವ ಕೊಡುತ್ತಿದ್ದೇನೆ ಎಂಬ ಭ್ರಮೆ ಬೇರೆ.

ದಾರಿ ತೋರಿಸಿದ್ದು ಕಲೆಯಲ್ಲ, ಕನ್ನಡ. ಸ್ಟಾಫ್ ರೂಮಿನಲ್ಲಿ ಕನ್ನಡ ಮೇಡಂ ಒಮ್ಮೆ ತಮ್ಮದೇ ಗೋಳು ಹೇಳಿಕೊಂಡರು: ನವೋದಯ, ಪ್ರಗತಿಶೀಲ, ನವ್ಯ, ದಲಿತ-ಬಂಡಾಯ ಅಂತ ಮಕ್ಕಳು ಉರು ಹೊಡೆಯುತ್ತಾರೆ, ಒಂದಾದ ಮೇಲೆ ಒಂದು ಯಾಕೆ ಬಂತು ಎಂದರೆ ಬಾಯಿ ಬಿಡುವುದಿಲ್ಲ. ಅದಕ್ಕೆ ಅವರು ಕಂಡುಕೊಂಡ ಉಪಾಯ ಈ ಊರಿನದೇ. ತಳುಕಿನ ವೆಂಕಣ್ಣಯ್ಯನವರು ನವೋದಯದ ದೊಡ್ಡ ಮೇಷ್ಟ್ರು. ಕುವೆಂಪು ತಮ್ಮ ರಾಮಾಯಣ ದರ್ಶನಂ ಕಾವ್ಯವನ್ನು ಅರ್ಪಿಸಿದ್ದು ಅವರಿಗೆ. ಅದೇ ಮನೆತನದ ತ.ರಾ.ಸು. ಪ್ರಗತಿಶೀಲರು. ಇಬ್ಬರೂ ಎದುರುಬದುರು ಕೂತು ಜಗಳವಾಡಿದರು ಎಂದಲ್ಲ, ವೆಂಕಣ್ಣಯ್ಯನವರು 1939ರಲ್ಲೇ ತೀರಿಕೊಂಡರು. ಆದರೆ 1940ರ ದಶಕದಲ್ಲಿ ಅ.ನ.ಕೃ., ತ.ರಾ.ಸು., ಕಟ್ಟೀಮನಿ, ನಿರಂಜನ ಇವರೆಲ್ಲ ಎತ್ತಿದ್ದು ಒಂದು ತಕರಾರು: ಹಸಿದವರು, ದುಡಿಯುವವರು, ಸೂಳೆಗೇರಿಯ ಹೆಂಗಸರು, ಇವರ ಬದುಕು ನಿಮ್ಮ ಬರವಣಿಗೆಯಲ್ಲಿ ಎಲ್ಲಿ? ಮೇಡಂ ಮೊದಲು ತಕರಾರು ಹೇಳುತ್ತಾರೆ, ಹೆಸರು, ಇಸವಿ ಆಮೇಲೆ. “ತಕರಾರು ಗೊತ್ತಾದ್ರೆ ಹೆಸರು ತಾನೇ ನೆನಪಿರುತ್ತೆ ಸಾರ್. ಬರೀ ಹೆಸರು ಹೇಳಿದ್ರೆ ಪರೀಕ್ಷೆ ತನಕ ಇರುತ್ತೆ.”

ಚಾರ್ಟ್ ತೆಗೆದೆ. ಮುಂದಿನ ಕ್ಲಾಸಿನಲ್ಲಿ ಒಂದೇ ಪ್ರಶ್ನೆ ಕೇಳಿದೆ: ನೀವು ನೋಡಿದ ಗೊಂಬೆ, ವಿಗ್ರಹ, ಪುತ್ಥಳಿಗಳಲ್ಲಿ ನಿಮಗೆ ಸರಿ ಕಾಣದ್ದು ಯಾವುದು?

ಮಕ್ಕಳಿಗೆ ಶಿಲ್ಪ ಎಂದರೆ ಮೊದಲು ನೆನಪಾಗುವುದು ಸಿಮೆಂಟಿನ ಮನುಷ್ಯರು. ಶಾಲೆಯ ಟೂರುಗಳು ಹೋಗುವ ಕಡೆಯೆಲ್ಲ ಈಗ ಅವರಿದ್ದಾರೆ. ಶಿಗ್ಗಾವಿ ಬಳಿಯ ಗೊಟಗೋಡಿಯಲ್ಲಿ ಸೊಲಬಕ್ಕನವರ್ ಮಾಡಿಸಿದ ಉತ್ಸವ ರಾಕ್ ಗಾರ್ಡನ್ನಿನಲ್ಲಿ ಕುಳಿತ ಮುದುಕನನ್ನು ಮಾತಾಡಿಸಲು ಹೋಗಿ ಪೆಚ್ಚಾದವರಿದ್ದಾರೆ, ಅಷ್ಟು ಜೀವಂತ. ಆದರೆ ಆ ಕೈಚಳಕ ಎಲ್ಲರಿಗೂ ಬರುವುದಿಲ್ಲ, ನಕಲಿನ ನಕಲು ಊರೂರಲ್ಲೂ ಎದ್ದಿದೆ. ಮಕ್ಕಳು ತಕರಾರು ತೆಗೆದದ್ದು ಇವುಗಳ ಮೇಲೆ. “ಎಲ್ರೂ ನಗ್ತಾನೇ ಇರ್ತಾರೆ ಸಾ.” “ರೈತ ದಪ್ಪಗವ್ನೆ.” “ನೇಗಿಲು ಹಿಡ್ದೋನ ಪಂಚೆ ಬೆಳ್ಳಗಿರಲ್ಲ ಸಾ.” “ಬುತ್ತಿ ಹೊತ್ತೋಳು ಯಾವಾಗ್ಲೂ ಚೆಂದ ಇರ್ತಾಳೆ.” ಮಾತು ನಿಲ್ಲಲೇ ಇಲ್ಲ. ಇಷ್ಟು ದಿನ ಇವರಿಗೆ ಅಭಿಪ್ರಾಯವೇ ಇಲ್ಲ ಎಂದುಕೊಂಡಿದ್ದೆ.

ಆಗ ರಾಮ್‌ಕಿಂಕರ್ ಬೈಜ್ ಮಾಡಿದ “ಸಂತಾಲ ಕುಟುಂಬ”ದ ಫೋಟೊ ತೋರಿಸಿದೆ. ಹೆಸರು ಹೇಳಲಿಲ್ಲ, ಇಸವಿ ಹೇಳಲಿಲ್ಲ. ಗಂಡಸು, ಹೆಂಗಸು ದಾಪುಗಾಲು ಹಾಕಿ ಹೊರಟಿದ್ದಾರೆ. ಅವನ ಹೆಗಲ ಮೇಲೆ ಅಡ್ಡೆ, ಅದರ ಬುಟ್ಟಿಯಲ್ಲಿ ಮಗು. ಅವಳ ಕಂಕುಳಲ್ಲಿ ಇನ್ನೊಂದು. ಜೊತೆಗೆ ನಾಯಿ. ಮೈಯೆಲ್ಲ ತರಿತರಿ.

“ಗುಳೆ ಹೊಂಟವ್ರೆ ಸಾ” ಎಂದ ಹಿಂದಿನ ಸಾಲಿನ ಹುಡುಗ.

ಮಳೆ ಕೈಕೊಟ್ಟ ವರ್ಷ ಈ ಕಡೆಯ ಮನೆಗಳು ಖಾಲಿಯಾಗುತ್ತವೆ. ಬೆಂಗಳೂರಿನ ಗಾರೆ ಕೆಲಸ, ಮಲೆನಾಡಿನ ಕಾಫಿ ತೋಟ. ಕ್ಲಾಸಿನಲ್ಲಿ ಅಪ್ಪ ಅಮ್ಮ ಊರಲ್ಲಿಲ್ಲದವರು ಕೈ ಎತ್ತಿ ಎಂದು ಕೇಳಬೇಕಾಗಲಿಲ್ಲ. ಆಮೇಲೆ ಹೇಳಿದೆ: ಇದನ್ನು ಮಾಡಿದವನು ಬಂಗಾಳದ ಬಾಂಕುರಾದ ಬಡ ಮನೆಯವನು. 1938ರಲ್ಲಿ ಶಾಂತಿನಿಕೇತನದ ಬಯಲಿನಲ್ಲಿ ಕಟ್ಟಿದ್ದು. ಕಂಚಿಗೆ ದುಡ್ಡಿಲ್ಲ, ಕಬ್ಬಿಣದ ಹಂದರ ನಿಲ್ಲಿಸಿ ಸಿಮೆಂಟಿಗೆ ಅಲ್ಲಿನ ಕೆಂಪು ಗರಸಿನ ಕಲ್ಲು ಕಲಸಿ ಮುಷ್ಟಿ ಮುಷ್ಟಿಯಾಗಿ ಎಸೆದು ಮೆತ್ತಿದ. ಅಲ್ಲಿಯ ತನಕ ಬಯಲಿನಲ್ಲಿ ಎತ್ತರದ ಪೀಠ ಸಿಗುತ್ತಿದ್ದದ್ದು ರಾಜರಿಗೆ, ಸಾಹೇಬರಿಗೆ. ಅವನ ತಕರಾರು ಅದಾಗಿತ್ತು.

ನಾವೂ ಮಾಡೋಣ ಸಾ ಎಂದವರು ಮಕ್ಕಳೇ. ಕಟ್ಟಡವೊಂದರ ಉಳಿಕೆ ಕಂಬಿ ಸಿಕ್ಕಿತು, ಕೋಳಿ ಜಾಲರಿ ಕೊಂಡೆವು. ಗರಸಿಗೆ ನಮ್ಮಲ್ಲಿ ಬರವೇ? ಮೊದಲ ದಿನ ಎಸೆದದ್ದೆಲ್ಲ ಜಾರಿ ಬುಡಕ್ಕೆ ಬಿತ್ತು. ಹಬ್ಬಕ್ಕೆಂದು ಬೆಂಗಳೂರಿನಿಂದ ಬಂದಿದ್ದ ಒಬ್ಬ ತಂದೆ ಕಾಂಪೌಂಡಿನ ಆಚೆಯಿಂದ ನೋಡುತ್ತಾ ನಿಂತಿದ್ದವರು ಒಳಗೆ ಬಂದರು. ಹನ್ನೆರಡಂತಸ್ತಿನ ಕಟ್ಟಡಗಳಿಗೆ ಪ್ಲಾಸ್ಟರಿಂಗ್ ಮಾಡಿದ ಕೈ ಅದು. ಕಲಸಿದ್ದನ್ನು ಮುಷ್ಟಿಯಲ್ಲಿ ಹಿಂಡಿ, “ನೀರು ಜಾಸ್ತಿ ಆತು ಮೇಷ್ಟ್ರೇ. ಮೊದ್ಲು ತೆಳ್ಳಗೆ ಒಂದ್ ಕೋಟ್ ಹೊಡೀರಿ, ಅದು ಕಚ್ಕೊಳ್ಳಲಿ, ಗೀರು ಹಾಕಿ, ನಾಳೆ ಎರಡ್ನೇದು” ಎಂದರು. ಕರಣೆಯ ತುದಿಯಿಂದ ಹಸಿ ಸಿಮೆಂಟಿನ ಮೇಲೆ ಓರೆಯಾಗಿ ಗೀರುಗಳನ್ನು ಎಳೆದು ತೋರಿಸಿದರು. ಮುಂದಿನ ನಾಲ್ಕು ದಿನ ಕ್ಲಾಸು ಅವರದೇ. ಕ್ಯೂರಿಂಗಿಗೆ ನೀರು ಸಾಲದೆ ಬಿಸಿಯೂಟದ ಹೊತ್ತಿಗೆ ಮಕ್ಕಳು ಕೈ ತೊಳೆದ ನೀರನ್ನು ಬಕೆಟ್ಟಿನಲ್ಲಿ ಹಿಡಿದು ಹಾಕಿದರು.

ಕಟ್ಟುತ್ತಾ ಹೋದ ಹಾಗೆ ರಾಮ್‌ಕಿಂಕರನ ಮೇಲೇ ತಕರಾರು ಶುರುವಾಯಿತು. ನಾಯಿ ಬೇಡ, ಬಸ್ಸಲ್ಲಿ ಹತ್ತಿಸಲ್ಲ. ಅಡ್ಡೆ ಯಾಕೆ, ಈಗ ಚೀಲ, ಗ್ಯಾಸ್ ಸ್ಟವ್. ದೊಡ್ಡ ಜಗಳ ಆದದ್ದು ನಡಿಗೆಯ ಮೇಲೆ. “ನಡ್ಕೊಂಡ್ ಹೋಗಲ್ಲ ಸಾ. ಕಾಯ್ತಾರೆ. ರಾತ್ರಿ ಬಸ್ಸಿಗೆ ರೋಡಲ್ಲಿ ಕೂತು ಕಾಯ್ತಾರೆ.” ಚಲನೆಯೇ ಆ ಶಿಲ್ಪದ ಜೀವಾಳ, ಕಲಾ ವಿಮರ್ಶಕರೆಲ್ಲ ಹೊಗಳಿರುವುದೂ ಅದನ್ನೇ ಎಂದು ನಾನು ವಾದಿಸಿದೆ. ಮಕ್ಕಳು ಒಪ್ಪಲಿಲ್ಲ. ಅವರು ನೋಡಿದ್ದಾರೆ, ನಾನು ನೋಡಿಲ್ಲ. ನಿಂತಿದ್ದ ಕಂಬಿಗಳನ್ನು ಬಗ್ಗಿಸಿ ಕೂರಿಸಿದೆವು. ಗಂಟಿನ ಮೇಲೆ ಗಂಡ, ಪಕ್ಕದಲ್ಲಿ ಹೆಂಡತಿ, ಮಡಿಲಲ್ಲಿ ಮಲಗಿದ ಕೂಸು. ಸ್ವಲ್ಪ ದೂರದಲ್ಲಿ ಅಜ್ಜಿ, ಅಜ್ಜಿಯ ಸೆರಗು ಹಿಡಿದು ಶಾಲೆಗೆ ಹೋಗುವ ವಯಸ್ಸಿನ ಮಗು. ಅವರಿಬ್ಬರೂ ಹೋಗುವುದಿಲ್ಲ. ಇದು ರಾಮ್‌ಕಿಂಕರನಲ್ಲಿ ಇಲ್ಲ.

ಬುಡದ ಹಸಿ ಸಿಮೆಂಟಿನಲ್ಲಿ ಮೊಳೆಯಿಂದ ಎಲ್ಲರೂ ಹೆಸರು ಗೀಚಿದರು, ಗಾರೆಯವರದ್ದೂ ಸೇರಿಸಿ. ಪಕ್ಕದ ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನ ಬರೆದ ಚಪಡ ಎಂಬ ಲಿಪಿಕಾರನೂ ಕೊನೆಯಲ್ಲಿ ತನ್ನ ಹೆಸರು ಸೇರಿಸಿದ್ದಾನೆ. ಶಾಸನವೆಲ್ಲ ಬ್ರಾಹ್ಮಿ, ಲಿಪಿಕಾರ ಎಂಬ ತನ್ನ ಕಸುಬಿನ ಮಾತನ್ನು ಮಾತ್ರ ವಾಯವ್ಯದ ಖರೋಷ್ಠಿಯಲ್ಲಿ ಬರೆದ. ಈ ಶಾಸನವನ್ನು ಬಿ.ಎಲ್. ರೈಸ್ 1892ರಲ್ಲಿ ಪತ್ತೆ ಮಾಡಿದ್ದು ಎಂದೂ ಮಕ್ಕಳಿಗೆ ಹೇಳಿದೆ. ಈ ಸಲ ಇಸವಿಯನ್ನು ಯಾರೂ ನೋಟ್ಸ್ ಮಾಡಿಕೊಳ್ಳಲಿಲ್ಲ, ನಾನೂ ಬರೆಸಲಿಲ್ಲ.

ಈಗಿನ ಜಗಳ ಬಣ್ಣದ್ದು. ಊರಿನ ಹಿರಿಯರಿಗೆ ಬೋಳು ಸಿಮೆಂಟು ಅರ್ಧಕ್ಕೆ ನಿಂತ ಕೆಲಸದಂತೆ ಕಾಣುತ್ತದೆ. ಎನಾಮಲ್ ಬಳಿಸಿ, ದುಡ್ಡು ನಾವು ಕೊಡುತ್ತೇವೆ ಎಂದಿದ್ದಾರೆ. ಕಲ್ಲು ಕಲ್ಲಾಗಿಯೇ ಕಾಣಬೇಕು, ಮರ ಮರವಾಗಿಯೇ ಇರಬೇಕು ಎಂದು 1930ರ ದಶಕದಲ್ಲಿ ಹೆನ್ರಿ ಮೂರ್ ಮತ್ತವನ ಜೊತೆಯವರು ವಾದಿಸಿದ್ದರು. ನಾನು ಓದಿ ಬಂದ ಪಕ್ಷವೂ ಅದೇ. ಬಾಯಿಯ ತನಕ ಬಂದದ್ದನ್ನು ತಡೆದುಕೊಂಡೆ. ಬೆರಣಿಯ ಹುಡುಗಿ ಬಣ್ಣ ಬೇಡ ಅನ್ನುವ ಕಡೆ. “ಅಪ್ಪ ಕೆಲಸದಿಂದ ಬಂದಾಗ ಹಿಂಗೇ ಇರ್ತಾನೆ” ಎನ್ನುವುದು ಅವಳ ಕಾರಣ. ಎದುರು ಪಕ್ಷದವರು ಅದನ್ನು ಒಪ್ಪಿದರು, ಆದರೆ ಅಜ್ಜಿ ಗಾರೆ ಕೆಲಸಕ್ಕೆ ಹೋಗುವುದಿಲ್ಲವಲ್ಲ, ಅಜ್ಜಿಗಾದರೂ ಬಣ್ಣ ಬೇಕು ಎಂದು ಹಿಡಿದರು. ಅಜ್ಜಿಗೂ ಮಗುವಿಗೂ ಮಾತ್ರ ಎಂದು ಇತ್ಯರ್ಥವಾಯಿತು. ನನ್ನ ಕಣ್ಣಿಗೆ ಅದು ಚೆನ್ನಾಗಿ ಕಾಣಲಿಕ್ಕಿಲ್ಲ. ಸೋಮವಾರ ಚಳ್ಳಕೆರೆಗೆ ಹೋದಾಗ ಅಜ್ಜಿಯ ಸೀರೆಗೆ ಎನಾಮಲ್ ಅರ್ಧ ಲೀಟರು, ಅಂಚಿಗೆ ಕೆಂಪು ಕಾಲು ಲೀಟರು, ಎರಡು ಬ್ರಷ್, ಒಂದು ಬಾಟಲಿ ಟರ್ಪೆಂಟೈನ್ ತರಬೇಕು. ಸೀರೆ ಹಸಿರೋ ನೀಲಿಯೋ ಎನ್ನುವುದು ಮಾತ್ರ ಇನ್ನೂ ತೀರ್ಮಾನವಾಗಿಲ್ಲ.